ಎಡಗಡೆ ಸ್ವಲ್ಪ ಕಮ್ಮಿ

ಮೊನ್ನೆ ಹಬ್ಬದ ದಿನ ನನ್ನ ಗಂಡ ಪಾಯಸದೊಳಗಿನ ಒಂದು ದ್ರಾಕ್ಷಿಯನ್ನು ಬಹಳ ಹೊತ್ತು ಅಗಿದರು. ಅಡುಗೆಯ ವಿಷಯದಲ್ಲಿ ಅವರು ಬಾಯಿ ಬಿಡುವವರಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಬಿಟ್ಟು, ಅದರ ಫಲ ಉಂಡು, ಆಮೇಲೆ ಸುಮ್ಮನಾದವರು. ಕೊನೆಗೆ ತಡೆಯಲಾರದೆ ಅದನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟರು. ಅದು ದ್ರಾಕ್ಷಿಯಲ್ಲ. ಕಿವಿಯೊಳಗೆ ತೂರಿಸುವ ಇಯರ್‌ಫೋನಿನ ತುದಿಗೆ ಕಪ್ಪು ರಬ್ಬರಿನ ಟೋಪಿ ಇರುತ್ತದಲ್ಲ, ಅದು. ಮಧ್ಯಮ ಅಳತೆಯದ್ದು.

ನಮ್ಮ ಮನೆಯಲ್ಲಿ ಈ ಟೋಪಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ದೇವರ ಕೋಣೆಯ ಗಂಧದ ಬಟ್ಟಲಲ್ಲಿ ಒಂದು ಸಿಕ್ಕಿತ್ತು. ಇನ್ನೊಂದು ನನ್ನ ಗಂಡನ ಅಂಗಿಯ ಜೇಬಿನಿಂದ ಅವರ ಕಚೇರಿಯಲ್ಲಿ ಉದುರಿ, ಇದೇನೆಂದು ಸಹೋದ್ಯೋಗಿಗಳು ಬಹಳ ಅನುಮಾನದಿಂದ ವಿಚಾರಿಸಿದ್ದರಂತೆ. ತಪ್ಪು ನನ್ನದೇ. ಅಗ್ಗದ ಇಯರ್‌ಫೋನ್ ಯಾವುದನ್ನೇ ಕೊಳ್ಳಿ, ಡಬ್ಬಿಯಲ್ಲಿ ಮೂರು ಅಳತೆಯ ಟೋಪಿಗಳನ್ನು ಇಟ್ಟಿರುತ್ತಾರೆ. ಒಂದು ಜೊತೆ ಬಳಕೆಗೆ, ಉಳಿದ ಎರಡು ಜೊತೆ ಮನೆಯ ಮೂಲೆಗಳಿಗೆ. ಬಿಸಾಡೋಣವೆಂದರೆ ಮನಸ್ಸು ಬರುವುದಿಲ್ಲ. ಕಿವಿ ಮುಂದೆ ದೊಡ್ಡದಾದರೆ ಏನು ಮಾಡುವುದು? ಇಷ್ಟೊಂದು ಟೋಪಿ ಕೂಡಿಬೀಳಬೇಕಾದರೆ ಎಷ್ಟು ಇಯರ್‌ಫೋನ್ ಕೊಂಡಿರಬೇಕು ಎಂದು ನೀವು ಲೆಕ್ಕ ಹಾಕುತ್ತಿದ್ದರೆ ದಯವಿಟ್ಟು ಬೇಡ. ಅದನ್ನು ನನ್ನ ಗಂಡ ಆಗಲೇ ಮಾಡಿದ್ದಾರೆ.

ಇದೆಲ್ಲ ನೋಡಿ ನಾನು ಸಂಗೀತ ಬಲ್ಲವಳೆಂದುಕೊಳ್ಳಬೇಡಿ. ಚಿತ್ರದುರ್ಗದಲ್ಲಿ ಮನೆ, ಹೊಳಲ್ಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ದಿನಾ ಬೆಳಗ್ಗೆ ಹೊಸದುರ್ಗದ ಬಸ್ಸು ಹತ್ತಿ ಹೊಳಲ್ಕೆರೆಯಲ್ಲಿ ಇಳಿಯುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸು. ನಮ್ಮ ಬಸ್ಸಿನಲ್ಲಿ ಪಾಸಿನವರದೇ ಒಂದು ಸಂಸಾರ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಸೊಸೆ ಮಾತು ಬಿಟ್ಟಿದ್ದಾಳೆ, ಎಲ್ಲ ಅಲ್ಲಿ ಇತ್ಯರ್ಥವಾಗುತ್ತಿತ್ತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಈ ಸಂಸಾರ ಒಡೆಯಿತು. ಒಬ್ಬೊಬ್ಬರೂ ಒಂದೊಂದು ಸದ್ದು ಮಾಡಿಕೊಂಡು ಕೂರತೊಡಗಿದರು. ಬಸ್ಸಿನಲ್ಲಿ ಭಜನೆ, ಅಡುಗೆ, ಕ್ರಿಕೆಟ್ಟು, ಜಮೀನು ವ್ಯಾಜ್ಯದ ಕುರಿತು ವಕೀಲರ ಸಲಹೆ, ಎಲ್ಲ ಒಂದೇ ಬಾರಿಗೆ ಕೇಳಿ ತಲೆ ಸಿಡಿದು, ಕಂಡಕ್ಟರು ಒಂದು ದಿನ ಇಯರ್‌ಫೋನ್ ಇಲ್ಲದವರು ಬಾಯಲ್ಲಿ ಹಾಡಿಕೊಳ್ಳಬೇಕು ಎಂದು ಕಾನೂನು ಮಾಡಿದರು. ಅಂದಿನಿಂದ ಎಲ್ಲರೂ ಅಗ್ಗದ ಇಯರ್‌ಫೋನಿಗೆ ಬಿದ್ದರು.

ಅವುಗಳಲ್ಲಿ ಯಾವುದು ಒಳ್ಳೆಯದು ಎಂದು ಹೇಳುವ ಅಧಿಕಾರ ನನ್ನ ಕೈಗೆ ಹೇಗೆ ಬಂತೋ ನನಗೆ ಸರಿಯಾಗಿ ನೆನಪಿಲ್ಲ. ಮೊದಲು ಕೊಂಡವಳು ನಾನು, ಮೊದಲು ದೂರಿದವಳೂ ನಾನು. ದೂರುವವರಿಗೆ ವಿಷಯ ಗೊತ್ತಿರುತ್ತದೆ ಎಂದು ನಮ್ಮ ಕಡೆ ಜನ ನಂಬುತ್ತಾರೆ. ಬರಬರುತ್ತಾ ಯಾರು ಹೊಸದು ಕೊಂಡರೂ ಬಸ್ಸು ಹತ್ತಿದ ಕೂಡಲೇ ನನ್ನ ಮುಂದೆ ಹಿಡಿಯುವುದು ರೂಢಿಯಾಯಿತು. ನಾನು ಕಿವಿಗೆ ಹಾಕಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ತೀರ್ಪು ಕೊಡುತ್ತಿದ್ದೆ. ಹುಬ್ಬು ಗಂಟಿಕ್ಕುವ ಅಗತ್ಯವೇನೂ ಇರಲಿಲ್ಲ, ಆದರೆ ಅದಿಲ್ಲದಿದ್ದರೆ ಜನ ಒಪ್ಪುತ್ತಿರಲಿಲ್ಲ.

ನನ್ನ ಅಳತೆಗೋಲು ಸರಳ. ಹಿತವಾಗಿದೆಯೇ ಇಲ್ಲವೇ ಎಂಬುದನ್ನು ದಾರಿಯಲ್ಲಿ ಅಳೆಯುತ್ತೇನೆ. ಚಿತ್ರದುರ್ಗ ದಾಟಿದ ಮೇಲಿನ ಮೊದಲ ರೋಡ್ ಹಂಪಿಗೇ, ಬಸ್ಸು ಎಗರಿದ ಕೂಡಲೇ ಕಿವಿಯಿಂದ ಉದುರಿಬಿದ್ದರೆ ಅದು ಹಂಪಿನ ಮಾಲು. ಅಲ್ಲಿ ಬೀಳದೆ ಚಿತ್ರಹಳ್ಳಿ ಗೇಟಿನ ಹೊತ್ತಿಗೆ ಕಿವಿ ನೋಯಲು ಶುರುವಾದರೆ ಗೇಟಿನ ಮಾಲು. ಹೊಳಲ್ಕೆರೆಯಲ್ಲಿ ಇಳಿದು, ಕಚೇರಿಯ ಮೆಟ್ಟಿಲು ಹತ್ತಿ, ಸಾಹೇಬರಿಗೆ ನಮಸ್ಕಾರ ಹೇಳುವಾಗಲೂ ಕಿವಿಯಲ್ಲಿ ಅದಿರುವುದು ಮರೆತೇ ಹೋಗಿದ್ದರೆ ಉತ್ತಮ ಮಾಲು. ಹಾಗೆ ಒಮ್ಮೆ ಮರೆತಿದ್ದೆ. ಅವತ್ತು ಸಾಹೇಬರು ಬೈದದ್ದು ನನಗೆ ಸೋಬಾನೆ ಪದದ ಜೊತೆಗೆ ಕೇಳಿಸಿ ಬಹಳ ಇಂಪಾಗಿತ್ತು.

ಇನ್ನು ಸದ್ದಿನ ಗುಣ. ಡಬ್ಬಿಯ ಮೇಲೆ ಬರೆದಿರುವ ಇಂಗ್ಲಿಷ್ ಮಾತುಗಳು ನಮ್ಮ ಬಸ್ಸಿನವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ನಾನು ಊಟದ ಭಾಷೆ ಹಿಡಿದೆ. ತಬಲ, ಡೊಳ್ಳು ಮುಂತಾದ ದಪ್ಪ ಸದ್ದು ಮುದ್ದೆ. ಹಾಡುವವರ ದನಿ ಸಾರು. ಮೇಲಿನ ಝಲ್ಲೆನ್ನುವ ತಾಳ, ಗೆಜ್ಜೆ ಎಲ್ಲ ಒಗ್ಗರಣೆ. ಮುದ್ದೆ ಗಟ್ಟಿಯಾಗಿದೆ, ಸಾರು ನೀರಾಗಿದೆ, ಒಗ್ಗರಣೆ ಸೀದಿದೆ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ. ಅಗ್ಗದ ಮಾಲಿನಲ್ಲಿ ಸಾಮಾನ್ಯವಾಗಿ ಮುದ್ದೆಯೇ ಜಾಸ್ತಿ. ಕಿವಿಗೆ ಹಾಕಿದರೆ ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿದ್ದಾರೆ ಎನ್ನಿಸುತ್ತದೆ.

ನನ್ನದೊಂದು ನಿಯಮವಿತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು. ಬೇರೆಯವರ ಇಯರ್‌ಫೋನನ್ನು ಎರಡೂ ಕಿವಿಗೆ ತುರುಕಿಕೊಳ್ಳುವುದು ಮರ್ಯಾದೆಯಲ್ಲ ಎಂದು ನಾನು ಅದನ್ನು ಒಂದೇ ಕಿವಿಗೆ, ಬಲಗಿವಿಗೆ ಹಾಕಿ ತೀರ್ಪು ಕೊಡುತ್ತಿದ್ದೆ. ಎಡದ ತುಂಡು ಅವರ ಕಿವಿಯಲ್ಲೇ ಇರುತ್ತಿತ್ತು. ಎರಡೂ ಕಿವಿಗೆ ಹಾಕುತ್ತಿದ್ದದ್ದು ನಾನೇ ಕೊಂಡ ಮಾಲನ್ನು ಮಾತ್ರ. ಈ ಮರ್ಯಾದೆಯೇ ಒಬ್ಬರ ಅಂಗಡಿಯ ಬಾಗಿಲು ಹಾಕಿಸುವಲ್ಲಿಗೆ ಬಂತು.

ಆ ಅಂಗಡಿಯವರ ಹೆಸರು ತಿಪ್ಪೇಸ್ವಾಮಿ. ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗದಲ್ಲಿ, ನೆಟ್ಟಗೆ ನಿಂತರೆ ತಲೆ ತಾಗುವಂಥ ಕಡೆ, ಎರಡು ವರ್ಷದ ಹಿಂದೆ ಮೊಬೈಲು ಸಾಮಾನಿನ ಅಂಗಡಿ ತೆರೆದರು. ಮೆಲುಮಾತಿನ ಮನುಷ್ಯ. ಬೇರೆ ಅಂಗಡಿಯವರು ಇಯರ್‌ಫೋನನ್ನು ಡಬ್ಬಿ ಬಿಚ್ಚದೆ ಕೈಗೆ ಕೊಟ್ಟರೆ ಇವರು ಬಿಚ್ಚಿ, ಹತ್ತಿಯಲ್ಲಿ ಒರೆಸಿ, ಕಿವಿಗೆ ಹಾಕಿಸಿ ನೋಡಿದ ಮೇಲೆಯೇ ಮಾರುವುದು. ಪರೀಕ್ಷೆಗೆಂದು ತಮ್ಮ ದನಿಯನ್ನೇ ಮೊಬೈಲಿನಲ್ಲಿ ತುಂಬಿಸಿಟ್ಟಿದ್ದರು. ಒಂದು ಕಡೆಯಿಂದ "ಇದು ಎಡ" ಎಂದು ಬರುತ್ತದೆ, ಇನ್ನೊಂದು ಕಡೆಯಿಂದ "ಇದು ಬಲ". ಮಗ್ಗಿ ಹೇಳಿದಂತೆ ಗಂಭೀರವಾಗಿ ಹೇಳಿದ್ದರು.

ನಾನು ಅವರಲ್ಲಿ ಮೊದಲನೆಯದನ್ನು ಕೊಂಡು ಬಸ್ಸಿನಲ್ಲಿ ಹಾಕಿಕೊಂಡಾಗಲೇ ಎಡಗಡೆ ಸ್ವಲ್ಪ ಕಮ್ಮಿ ಅನ್ನಿಸಿತು. ಮುದ್ದೆ ಸಾರು ಎಲ್ಲ ಬಲಗಡೆ ಬಡಿಸಿ ಎಡಗಡೆಗೆ ಬರಿಯ ತಟ್ಟೆ ಇಟ್ಟಂತೆ. ಮಾರನೆಯ ದಿನ ವಾಪಸು ಕೊಟ್ಟೆ. ತಿಪ್ಪೇಸ್ವಾಮಿ ತಮ್ಮ ಕಿವಿಗೆ ಹಾಕಿ ನೋಡಿದರು, ನನ್ನ ಮುಖ ನೋಡಿದರು, ಬೇರೆ ಕೊಟ್ಟರು. ಅದೂ ಹಾಗೆಯೇ. ಹೀಗೆ ಬೇರೆ ಬೇರೆ ಕಂಪನಿಯದು, ಬೇರೆ ಬೇರೆ ಬಣ್ಣದ್ದು, ಐದು ಸಲ ಬದಲಾಯಿಸಿದೆ. ಐದಕ್ಕೂ ಎಡಗಡೆ ಕಮ್ಮಿ. ಆರನೆಯದನ್ನು ಅವರ ಮೇಲಿನ ಕನಿಕರದಿಂದ ಇಟ್ಟುಕೊಂಡೆ. ಐದು ಮಾಲು ಒಂದೇ ಕಡೆ ಕೆಟ್ಟಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಪರಿಣತರಿಗೆ ಇಂಥ ಸಣ್ಣ ಪ್ರಶ್ನೆಗಳು ಹೊಳೆಯುವುದಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರು ಸುಮಿತ್ರ, ಹೊಳಲ್ಕೆರೆ ಹತ್ತಿರದ ಶಾಲೆಯ ಮೇಡಂ. ಅವರೂ ತಿಪ್ಪೇಸ್ವಾಮಿ ಹತ್ತಿರವೇ ಕೊಂಡಿದ್ದರು, ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ನನ್ನ ತೀರ್ಪು ಕೇಳಿದ ಮೇಲೆ ಅವರಿಗೂ ಎಡಗಡೆ ಕಮ್ಮಿ ಕೇಳತೊಡಗಿತು. ಅವರು ಇನ್ನಿಬ್ಬರಿಗೆ ಹೇಳಿದರು, ಅವರಿಗೂ ಹಾಗೇ ಆಯಿತು. ಒಂದು ತಿಂಗಳಲ್ಲಿ ಇದು ಬಸ್ಸಿನ ಗಾದೆಯೇ ಆಗಿಹೋಯಿತು. ಬಸ್ಸಿನ ಒಂದು ದೀಪ ಉರಿಯದಿದ್ದರೆ "ತಿಪ್ಪೇಸ್ವಾಮಿ ಮಾಲು" ಎನ್ನುವರು. ಮದುವೆ ಮನೆಯಲ್ಲಿ ಒಂದು ಪಂಕ್ತಿಗೆ ಪಲ್ಯ ಬಾರದಿದ್ದರೆ "ನಮ್ಮದು ತಿಪ್ಪೇಸ್ವಾಮಿ ಸೈಡು". ಬಸ್ಸಿನವರು ಇಯರ್‌ಫೋನನ್ನು ಚಿತ್ರದುರ್ಗದಲ್ಲೇ ಕೊಂಡು, ನನ್ನ ಬಲಗಿವಿಯಿಂದ ಪಾಸು ಮಾಡಿಸಿಕೊಂಡು ಬರತೊಡಗಿದರು. ನನಗೆ ಹೆಮ್ಮೆಯಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕಿವಿಯ ವಿಷಯದಲ್ಲಿ ನನಗೆ ಯಾಕಿಷ್ಟು ಹೆಮ್ಮೆ ಎಂದರೆ ಹಿರಿಯೂರು ಕಡೆಯ ನನ್ನ ತವರೂರು ಹರಿಯಬ್ಬೆಯ ನಮ್ಮ ಮನೆಯ ಕಥೆ ಹೇಳಬೇಕು. ನಮ್ಮದು ಕುರಿ ಕಾಯುವ ಮನೆತನ. ಅಪ್ಪನ ಅಮ್ಮನಿಗೆ, ಅಂದರೆ ನಮ್ಮಜ್ಜಿಗೆ, ನಡುವಯಸ್ಸಿನಲ್ಲೇ ಕಿವಿ ಹೋಗಿತ್ತು. ಊರವರು ಕೆಪ್ಪಜ್ಜಿ ಎಂದರು. ಹಳ್ಳಿಯಲ್ಲಿ ಅಡ್ಡಹೆಸರು ಮನುಷ್ಯರ ಮೇಲೆ ನಿಲ್ಲುವುದಿಲ್ಲ, ಮನೆಯ ಗೋಡೆಗೆ ಇಳಿಯುತ್ತದೆ. ಅಪ್ಪ ಕೆಪ್ಪಜ್ಜಿ ಮಗ, ನಮ್ಮ ಕುರಿ ಕೆಪ್ಪಜ್ಜಿ ಕುರಿ, ನಮ್ಮ ನಾಯಿ ಕೂಡ ಕೆಪ್ಪಜ್ಜಿ ಮನೆ ನಾಯಿ. ಶಾಲೆಯಲ್ಲಿ ಇಬ್ಬರು ಮಂಜುಳಾ ಇದ್ದುದರಿಂದ ಮೇಷ್ಟ್ರು ಹಾಜರಿ ಕರೆಯುವಾಗ ನನ್ನನ್ನು ಕೆಪ್ಪಜ್ಜಿ ಮನೆ ಮಂಜುಳಾ ಎನ್ನುತ್ತಿದ್ದರು. ಹುಡುಗರು ಹಿಂದಿನಿಂದ ಜೋರಾಗಿ ಇನ್ನೊಮ್ಮೆ ಕೂಗುತ್ತಿದ್ದರು, ನನಗೆ ಕೇಳಿಸಲಿ ಎಂದು. ಅದನ್ನು ತಪ್ಪಿಸಲು ನಾನು ಮೇಷ್ಟ್ರು ಬಾಯಿ ತೆರೆಯುವ ಮುಂಚೆಯೇ ಪ್ರೆಸೆಂಟ್ ಸಾ ಎನ್ನುತ್ತಿದ್ದೆ. ಎಷ್ಟೋ ದಿನ ನನಗಿಂತ ಮೊದಲಿನ ಮಲ್ಲಿಕಾರ್ಜುನನಿಗೆ ಶಾಲೆಗೆ ಬಾರದೆಯೂ ಹಾಜರಿ ಬಿದ್ದಿದೆ. ನನಗೆ ಕಿವಿ ಚುರುಕು ಎಂದು ತೋರಿಸುವ ಚಟ ಆಗ ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಊರು ಬಿಟ್ಟು ದುರ್ಗದ ಸೊಸೆಯಾದಾಗ ನನಗೆ ಆದ ದೊಡ್ಡ ಸಂತೋಷವೆಂದರೆ ಆ ಹೆಸರು ಹಿರಿಯೂರಿನಿಂದಾಚೆ ಬರಲಿಲ್ಲ ಎಂಬುದು.

ಅಜ್ಜಿಗೆ ಹೋಗಿದ್ದ ಕಿವಿಯೆಲ್ಲ ಸೇರಿ ಅಪ್ಪನಿಗೆ ಬಂದಿತ್ತು. ಅಪ್ಪ ಕುರಿಗಂಟೆ ಕೊಳ್ಳುವುದನ್ನು ನೋಡಬೇಕಿತ್ತು. ಹಿರಿಯೂರು ಸಂತೆಯಲ್ಲಿ ಬೇರೆಯವರು ಗಂಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಂಡರೆ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಸಂತೆಯ ಆ ತುದಿಗೆ ಕಳಿಸುತ್ತಿದ್ದರು. ನಾನು ಅಲ್ಲಿಂದ ಆಡಿಸಬೇಕು. ಇವರು ಈ ತುದಿಯಲ್ಲಿ ನಿಂತು ಒಮ್ಮೆ ಎಡಗಿವಿ ಮುಚ್ಚಿ ಕೇಳುವರು, ಒಮ್ಮೆ ಬಲಗಿವಿ ಮುಚ್ಚಿ ಕೇಳುವರು, ಆಮೇಲೆ ತಿರುಗಿ ಬೆನ್ನು ಮಾಡಿ ಮತ್ತೆ ಕೇಳುವರು. ಸಂತೆಯವರೆಲ್ಲ ನಗುತ್ತಿದ್ದರು. ಅಪ್ಪನ ವಾದ ಏನೆಂದರೆ, ಮಂದೆ ಯಾವ ಕಡೆ ಹೋಗಿದೆ ಎಂದು ತಿಳಿಯಬೇಕಾದರೆ ಎರಡೂ ಕಿವಿ ಸಮ ಇರಬೇಕು. ಹಾಗಾಗಿ ಗಂಟೆ ಕೊಳ್ಳುವಾಗ ಮೊದಲು ತನ್ನ ಕಿವಿಯನ್ನು ಪರೀಕ್ಷೆ ಮಾಡಬೇಕು, ಆಮೇಲೆ ಗಂಟೆಯನ್ನು. ಈ ಮಾತನ್ನು ನಾನು ಬಾಲ್ಯದಲ್ಲಿ ನೂರು ಸಲ ಕೇಳಿದ್ದೇನೆ. ಎರಡೂ ಕಿವಿಯಲ್ಲಿ ಕೇಳಿದ್ದೇನೆ.

ಹೋದ ವರ್ಷ ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಲು ದುರ್ಗಕ್ಕೆ ಕರೆತಂದೆವು. ಕಪ್ಪು ಕನ್ನಡಕ ಹಾಕಿಕೊಂಡು ಎರಡು ವಾರ ನಮ್ಮ ಮನೆಯಲ್ಲಿದ್ದರು. ಕಣ್ಣಿಗೆ ಕೆಲಸವಿಲ್ಲದ್ದರಿಂದ ಇಡೀ ಬೀದಿಯನ್ನು ಕಿವಿಯಲ್ಲೇ ಕಾಯುತ್ತಿದ್ದರು. ಹಾಲಿನವನು ಬಲಗಾಲು ಎಳೆಯುತ್ತಾನೆ, ಎದುರುಮನೆಯ ಗೇಟಿಗೆ ಎಣ್ಣೆ ಬೇಕು, ನಿನ್ನ ಗಂಡ ಫ್ರಿಜ್ಜಿನಿಂದ ಏನೋ ಕದ್ದ, ಎಂದು ಕುಳಿತಲ್ಲಿಂದಲೇ ವರದಿ ಕೊಡುವರು. ಒಂದು ಭಾನುವಾರ ಬೆಳಗ್ಗೆ ನಾನು ಇಯರ್‌ಫೋನ್ ಹಾಕಿಕೊಂಡು ಎಡಗಡೆಯದನ್ನು ಹಿಸುಕಿ ಹಿಸುಕಿ ಗೊಣಗುತ್ತಿದ್ದಾಗ, ಅದೇನೆಂದು ಕೇಳಿದರು. ಇದೊಂದು ಬಗೆಯ ಗಂಟೆ, ಒಳ್ಳೆಯದೋ ಕೆಟ್ಟದ್ದೋ ನೋಡುತ್ತಿದ್ದೇನೆ ಎಂದೆ. ಅಪ್ಪ ತಕ್ಷಣ ಎದ್ದು ನಿಂತರು. ಗಂಟೆ ನೋಡುವ ಕೆಲಸ ತಮ್ಮ ಮುಂದೆ ಬೇರೆಯವರು ಮಾಡುವುದು ಅವರಿಗೆ ಸಹಿಸದು.

ಇಯರ್‌ಫೋನನ್ನು ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿಸಿದರು. ಹಾಡು ಹಚ್ಚಲು ಹೇಳಿದರು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಎರಡನೇ ಹೆಜ್ಜೆ ಇಡುವಷ್ಟರಲ್ಲಿ ಮುಖ ಸಪ್ಪೆಯಾಯಿತು. ಮತ್ತೆ ಹತ್ತಿರ ಬಂದು, ತಪ್ಪು ತಮ್ಮದಿರಬಹುದೆಂದು ಬೆನ್ನು ಮಾಡಿ ನಿಂತು ಇನ್ನೊಮ್ಮೆ ಹಿಂದೆ ಸರಿದರು. ಅಷ್ಟೇ. ಎದುರುಮನೆಯವರು ತಮ್ಮ ಗೇಟಿನಲ್ಲಿ ನಿಂತು, ಕಪ್ಪು ಕನ್ನಡಕದ ಮುದುಕರೊಬ್ಬರು ನನ್ನ ಗಂಡನ ಬನಿಯನ್ನಿನ ಪಕ್ಕ ನೇತಾಡುವ ದಾರಕ್ಕೆ ಮುಂದೆ ಹಿಂದೆ ಹೋಗಿ ಬಂದು ಮಾಡುವುದನ್ನು ಭಕ್ತಿಯಿಂದ ನೋಡುತ್ತಿದ್ದರು. ಅಪ್ಪ ತೀರ್ಪು ಕೊಟ್ಟರು:

"ಇದು ಯಾತಕ್ಕೂ ಬರಲ್ಲ ಮಂಜಿ. ಕಟ್ಟಿಕೊಂಡಿರೋ ಟಗರಿಗೇ ಕೇಳಲ್ಲ, ಕಾಯೋನಿಗೆ ಹೆಂಗೆ ಕೇಳ್ತೈತೆ?"

ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಇದು ದೂರಕ್ಕೆ ಕೇಳಬಾರದೆಂದೇ ಮಾಡಿದ್ದಪ್ಪಾ, ಹಾಕಿಕೊಂಡವರಿಗಷ್ಟೇ ಕೇಳಬೇಕು ಎಂದು ವಿವರಿಸಿದೆ. ತನಗೊಬ್ಬನಿಗೇ ಕೇಳುವ ಗಂಟೆ ಮನುಷ್ಯ ಯಾಕೆ ಕಟ್ಟಿಕೊಳ್ಳಬೇಕು ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೂ ನನ್ನ ಸಮಾಧಾನಕ್ಕೆ ಎರಡೂ ಕಿವಿಗೆ ಹಾಕಿಸಿಕೊಂಡು ಸ್ವಲ್ಪ ಹೊತ್ತು ಕೇಳಿದರು. ಸದ್ದು ಎರಡೂ ಕಡೆ ಸಮ ಇದೆ ಎಂದರು. ಇಲ್ಲಪ್ಪ, ಎಡಗಡೆ ಕಮ್ಮಿ ಎಂದೆ. ಸಮ ಇದೆ ಎಂದರು. ಕಮ್ಮಿ ಎಂದೆ. ಹೀಗೆ ಸಮ ಕಮ್ಮಿ ಸಮ ಕಮ್ಮಿ ಎಂದು ಅಪ್ಪ ಮಗಳು ಒಂದಿಷ್ಟು ಹೊತ್ತು ಕಾದಾಡಿದೆವು.

ಆಮೇಲೆ ಅಪ್ಪ ತಮ್ಮ ಕಿವಿಯಿಂದ ಎರಡನ್ನೂ ತೆಗೆದು, ಎಡದ್ದನ್ನು ನನ್ನ ಬಲಗಿವಿಗೂ ಬಲದ್ದನ್ನು ಎಡಗಿವಿಗೂ ತಾವೇ ಹಾಕಿದರು. ಈಗ ಯಾವ ಕಡೆ ಕಮ್ಮಿ ಎಂದು ಕೇಳಿದರು. ಎಡಗಡೆ ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಕಿವಿಯಿಂದ ಎರಡನ್ನೂ ಕಿತ್ತು ನಾನೇ ಇನ್ನೊಮ್ಮೆ ಅದಲುಬದಲು ಮಾಡಿ ನೋಡಿದೆ. ಎಡಗಡೆಯೇ. ಅಡುಗೆಮನೆಗೆ ಹೋಗಿ ಡಬ್ಬಿಯಲ್ಲಿದ್ದ ಹಳೆಯದೊಂದನ್ನು ತಂದು ಹಾಕಿದೆ. ಎಡಗಡೆಯೇ.

ಅಪ್ಪ ಏನೂ ಆಗದವರಂತೆ ಮತ್ತೆ ಕುರ್ಚಿಯಲ್ಲಿ ಕೂತರು. "ಗಂಟೆ ಸರಿ ಐತೆ," ಎಂದರು. "ಕಿವಿ ತೋರಿಸ್ಕ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಷ್ಟು ಹಳೆಯ ಗಾದೆಗೆ ನನ್ನಂಥ ಹೊಸ ಉದಾಹರಣೆ ಸಿಗುತ್ತದೆಂದು ಗಾದೆ ಮಾಡಿದವರೂ ಎಣಿಸಿರಲಿಕ್ಕಿಲ್ಲ. ಕಿವಿ ಡಾಕ್ಟರ ಹತ್ತಿರ ಹೋಗುವಾಗ ದಾರಿಯುದ್ದಕ್ಕೂ ಗುಗ್ಗೆ ಇರಲಿ ದೇವರೇ ಎಂದು ಬೇಡಿಕೊಂಡೆ. ಕಿವಿಯ ಕೊಳೆಗಾಗಿ ಹರಕೆ ಹೊತ್ತವಳು ದುರ್ಗದ ಚರಿತ್ರೆಯಲ್ಲಿ ನಾನೊಬ್ಬಳೇ ಇರಬೇಕು. ಡಾಕ್ಟರು ದೀಪ ಹಾಕಿ ನೋಡಿ, ಇಷ್ಟು ಶುದ್ಧವಾದ ಕಿವಿ ತಾವು ಇತ್ತೀಚೆಗೆ ನೋಡಿಲ್ಲ ಎಂದರು. ಎಡಗಿವಿಯ ನರ ಸೋತಿದೆ, ಎರಡು ಮೂರು ವರ್ಷದಿಂದ ಸೋಲುತ್ತಾ ಬಂದಿರಬಹುದು, ಮನೆತನದಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದುಬಿಟ್ಟೆ. ಡಾಕ್ಟರ ಮುಂದೆಯೂ ಅಜ್ಜಿಯನ್ನು ಬಚ್ಚಿಟ್ಟೆ.

ಗೊತ್ತಾದ ಮೇಲೆ ಎಷ್ಟೋ ಸಂಗತಿಗಳಿಗೆ ಅರ್ಥ ಸಿಕ್ಕಿತು. ಫೋನನ್ನು ನಾನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದೆ. ಬಸ್ಸಿನಲ್ಲಿ ಕಿಟಕಿ ನನ್ನ ಎಡಕ್ಕೆ, ಸುಮಿತ್ರ ಬಲಕ್ಕೆ. ಕಚೇರಿಯಲ್ಲಿ ಎಡಗಡೆ ಗೋಡೆ. ಊಟಕ್ಕೆ ಕೂತಾಗ ನನ್ನ ಎಡಕ್ಕೆ ಕೂರುವವರು ನನ್ನ ಗಂಡ. ಇತ್ತೀಚಿನ ವರ್ಷಗಳಲ್ಲಿ ನಮ್ಮಿಬ್ಬರಲ್ಲಿ ಜಗಳವೇ ಆಗದಿರುವುದಕ್ಕೆ ನನ್ನ ತಾಳ್ಮೆ ಕಾರಣ ಎಂದುಕೊಂಡಿದ್ದೆ. ಅವರು ತಮ್ಮ ತಾಳ್ಮೆ ಕಾರಣ ಎಂದುಕೊಂಡಿದ್ದರಂತೆ.

ಇಷ್ಟರಲ್ಲಿ ನಗುವಂಥದ್ದು ಮುಗಿಯಿತು. ನನಗೆ ಭಯವಾಯಿತು. ಕಿವಿ ಹೋಗುವುದರ ಭಯಕ್ಕಿಂತ ಹೆಸರಿನ ಭಯ. ಬಸ್ಸಿನಲ್ಲಿ ಒಬ್ಬರಿಗೆ ಗೊತ್ತಾದರೆ ಸಾಕು, ಇಷ್ಟು ವರ್ಷ ಹರಿಯಬ್ಬೆಯಲ್ಲಿ ಬಿಟ್ಟು ಬಂದದ್ದು ಹೊಳಲ್ಕೆರೆಯಲ್ಲಿ ಬಂದು ಕೂರುತ್ತದೆ. ಹಾಗಾಗಿ ಸುಮ್ಮನಿದ್ದೆ. ಒಂದು ವಾರ, ಮತ್ತೆ ಒಂದು ವಾರ. ಬಸ್ಸಿನಲ್ಲಿ ಯಾರಾದರೂ ತಿಪ್ಪೇಸ್ವಾಮಿ ಮಾಲಿನ ಜೋಕು ಹೇಳಿದರೆ ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಸ್ವಲ್ಪ ಜಾಸ್ತಿಯೇ ನಗುತ್ತಿದ್ದೆ. ಅಂಗಡಿಯ ಮುಂದೆ ಹೋಗುವುದನ್ನು ಬಿಟ್ಟು ನಿಲ್ದಾಣದ ಹಿಂದಿನ ಕೊಚ್ಚೆ ದಾರಿಯಲ್ಲಿ ಕಚೇರಿಗೆ ಹೋಗತೊಡಗಿದೆ.

ಒಂದು ದಿನ ಮಳೆ ಬಂದು ಆ ದಾರಿಯಲ್ಲಿ ನೀರು ನಿಂತು, ವಿಧಿಯಿಲ್ಲದೆ ಅಂಗಡಿಯ ಮುಂದೆ ಬಂದೆ. ತಿಪ್ಪೇಸ್ವಾಮಿ ಇಯರ್‌ಫೋನಿನ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನನ್ನನ್ನು ಕಂಡು ಎಂದಿನಂತೆ ಬರ್ರಿ ಮೇಡಂ, ಕುಂತ್ಕಳ್ರಿ ಎಂದು ಸ್ಟೂಲು ಕೊಟ್ಟರು. ಇವು ಇಲ್ಲಿ ಹೋಗುತ್ತಿಲ್ಲ, ತಂದಲ್ಲಿಗೇ ವಾಪಸು ಕಳಿಸುತ್ತಿದ್ದೇನೆ ಎಂದರು. ತಿಂಗಳು ಮುಗಿದ ಮೇಲೆ ಅಂಗಡಿಯನ್ನೂ ಬಿಡುತ್ತಾರಂತೆ. ಹಿರಿಯೂರಿನಲ್ಲಿ ಭಾವಮೈದುನನ ಪಂಕ್ಚರ್ ಅಂಗಡಿ ಇದೆ, ಅಲ್ಲಿ ಸೇರಿಕೊಳ್ಳುವುದು ಎಂದು ತೀರ್ಮಾನವಾಗಿದೆ. ಯಾರ ಮೇಲೂ ದೂರಿಲ್ಲದ ದನಿಯಲ್ಲಿ, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು.

ನನಗೆ ಕೂತಿರಲಾಗಲಿಲ್ಲ. ತಟ್ಟನೆ ಎದ್ದು ನಿಂತು, ನಿಮ್ಮ ಮಾಲಿನಲ್ಲಿ ಏನೂ ದೋಷವಿಲ್ಲ, ನನ್ನ ಎಡಗಿವಿಯೇ ಕೇಳುವುದಿಲ್ಲ ಎಂದು ಹೇಳಿಬಿಟ್ಟೆ. ನಿಂತ ರಭಸಕ್ಕೆ ಮೆಟ್ಟಿಲ ತಳ ತಲೆಗೆ ತಾಗಿತು. ಆ ನೋವಿನಲ್ಲಿ ಹೇಳುವುದು ಸ್ವಲ್ಪ ಸುಲಭವಾಯಿತು.

ತಿಪ್ಪೇಸ್ವಾಮಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಗೊತ್ತು ಮೇಡಂ," ಎಂದರು. "ಎರಡನೇ ಸಲ ಬಂದಾಗ್ಲೇ ಗೊತ್ತಾತು. ಇದು ಬಲ ಅಂದ್ರೆ ನೀವು ತಲೆ ಆಡಿಸ್ತಿದ್ರಿ. ಇದು ಎಡ ಅಂದ್ರೆ ಇನ್ನೂ ಶುರು ಆಗಿಲ್ಲೇನೋ ಅನ್ನೋ ಹಂಗೆ ಕಾಯ್ತಿದ್ರಿ."

ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ, ಐದು ಸಲ ಯಾಕೆ ಬದಲಾಯಿಸಿ ಕೊಟ್ಟಿರಿ ಎಂದು ಕೇಳಿದೆ. ನನ್ನ ದನಿ ಅವರನ್ನು ಗದರಿಸುವಂತೆ ಬಂತು. ಅವರು ಚೀಲದ ಬಾಯಿ ಕಟ್ಟುತ್ತಾ ಹೇಳಿದರು:

"ಹೆಂಗೆ ಹೇಳದು ಮೇಡಂ. ಮಾಲಿಗೆ ಹೆಸರು ಕೆಟ್ರೆ ಬ್ಯಾರೆ ಮಾಲು ತರಬೋದು. ಮನುಷ್ಯರಿಗೆ ಒಂದು ಹೆಸರು ಬಿದ್ರೆ ಅದು ಸಾಯೋ ತನಕ ಹೋಗಲ್ಲ. ನಮ್ಮೂರಾಗೆ ನನ್ನ ಏನಂತ ಕರೀತಾರೆ ಅಂತ ನಿಮಗೆ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ."

ನಾಳೆ ಬಸ್ಸಿನಲ್ಲಿ ಎಲ್ಲರಿಗೂ ನಿಜ ಹೇಳುತ್ತೇನೆ, ಚೀಲ ಕಳಿಸಬೇಡಿ ಎಂದೆ. ಬೇಡ ಎಂದು ಎರಡು ಸಲ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಅವರು ನನ್ನ ಬಲಗಡೆಯೇ ನಿಂತಿದ್ದರು, ಆದರೂ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ಬೆಳಗ್ಗೆ ಬಸ್ಸು ಹತ್ತಿ ನನ್ನ ಸೀಟಿನಲ್ಲಿ ಕೂರದೆ ನಡುವಿನ ಕಂಬಿ ಹಿಡಿದು ನಿಂತೆ. ಮೊದಲ ಹಂಪು ದಾಟಲಿ ಎಂದುಕೊಂಡೆ, ದಾಟಿತು. ಗಾಳಿಯಂತ್ರಗಳ ಗುಡ್ಡ ಕಾಣಲಿ ಎಂದುಕೊಂಡೆ, ಕಂಡಿತು. ಇನ್ನು ನೆಪ ಉಳಿಯಲಿಲ್ಲ. ಉಸಿರು ಎಳೆದುಕೊಂಡು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ:

"ಎಲ್ಲರೂ ಸ್ವಲ್ಪ ಕೇಳ್ರಿ. ತಿಪ್ಪೇಸ್ವಾಮಿ ಮಾಲು ಸರಿ ಐತೆ. ನನಗೆ ಎಡಗಿವಿ ಕೇಳಲ್ಲ."

ಹೇಳಿ ಕಣ್ಣು ಮುಚ್ಚಿಕೊಂಡೆ. ಯಾರಾದರೂ ನಗುತ್ತಾರೆಂದು ಕಾದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಎಲ್ಲರೂ ತಮ್ಮ ಪಾಡಿಗೆ ತಾವು ಕೂತಿದ್ದಾರೆ. ಒಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ, ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಸುಮಿತ್ರ ತಮ್ಮಷ್ಟಕ್ಕೆ ನಗುತ್ತಿದ್ದಾರೆ. ಪ್ರತಿಯೊಬ್ಬರ ಕಿವಿಯಲ್ಲೂ ಇಯರ್‌ಫೋನ್. ಎಲ್ಲವೂ ನಾನೇ ಪಾಸು ಮಾಡಿಕೊಟ್ಟವು. ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬಿಡುವುದಿಲ್ಲ ಎಂದು ನಾನೇ ಹೊಗಳಿದವು. ನನ್ನ ಮಾತು ಕೇಳಿದ್ದು ಕಂಡಕ್ಟರು ಒಬ್ಬರೇ. ಅವರು ನನ್ನನ್ನು ಮರುಕದಿಂದ ನೋಡಿ, ಸೀಟು ಖಾಲಿ ಇದೆ ಕೂತುಕೊಳ್ಳಿ ಎಂದರು.

ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಧೈರ್ಯವನ್ನೆಲ್ಲ ಆ ಒಂದು ಮಾತಿಗೆ ಖರ್ಚು ಮಾಡಿದ್ದೆ. ಈಗ ಮತ್ತೆ ಮೊದಲಿನಿಂದ ಹೇಳಬೇಕಿತ್ತು. ಅದೂ ಒಬ್ಬೊಬ್ಬರಿಗೇ.

ಸುಮಿತ್ರ ಅವರಿಂದ ಶುರು ಮಾಡಿದೆ. ಅವರ ಕಿವಿಯಿಂದ ಒಂದು ತುಂಡು ಎಳೆದು ತೆಗೆದು ಹೇಳಿದೆ. ಅವರು ಚೀಲದಲ್ಲಿ ಕೈಯಾಡಿಸಿ ಹಳೆಯ ತಿಪ್ಪೇಸ್ವಾಮಿ ಮಾಲನ್ನು ಹುಡುಕಿ ತೆಗೆದು ಹಾಕಿಕೊಂಡರು, ಈಗ ಎಡಗಡೆ ಜೋರಾಗಿ ಕೇಳುತ್ತಿದೆ ಎಂದರು. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದನ್ನು ಬಿಡಿಸಿಕೊಂಡು ಹಿಂದಿನ ಸೀಟಿಗೆ ಹೋದೆ. ಅಲ್ಲಿದ್ದ ಪಶು ಆಸ್ಪತ್ರೆಯ ನೌಕರರು ಎಲ್ಲ ಕೇಳಿ, ಸುತ್ತ ನೋಡಿ, ತಮಗೆ ಬಲಗಿವಿ ಕೇಳುವುದಿಲ್ಲ, ಯಾರಿಗೂ ಹೇಳಬೇಡಿ ಎಂದು ಪಿಸುಗುಟ್ಟಿದರು. ಅವರ ಹಿಂದೆ ಇದ್ದವರು ಅಯ್ಯೋ ಪಾಪ ಎಂದರು. ಇನ್ನೊಬ್ಬರು ನಕ್ಕರು. ನಾನು ನಿರೀಕ್ಷಿಸಿದ್ದ ಆ ನಗು ಕೊನೆಗೂ ಬಂತು, ಬಂದು ಹೋಯಿತು, ಬಸ್ಸು ಮುಂದೆ ಹೋಗುತ್ತಲೇ ಇತ್ತು.

ಚಿತ್ರಹಳ್ಳಿ ಗೇಟು ಬರುವ ಹೊತ್ತಿಗೆ ಅರ್ಧ ಬಸ್ಸು ಮುಗಿದಿತ್ತು. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಆಮೇಲೆ ಸುಲಲಿತವಾಯಿತು. ಸೀಟಿನ ಪಕ್ಕ ಬಗ್ಗುವುದು, ಕಿವಿಯಿಂದ ಎಳೆಯುವುದು, ಮಾಲು ಸರಿ ಇದೆ, ನನ್ನ ಕಿವಿ ಕೇಳುವುದಿಲ್ಲ, ಬೇಕಾದರೆ ಇವತ್ತೇ ಹೋಗಿ ನೋಡಿ ಎನ್ನುವುದು, ಮುಂದಿನ ಸೀಟು. ಹೊಳಲ್ಕೆರೆಯ ಮನೆಗಳು ಕಾಣುವಾಗ ಕೊನೆಯ ಸಾಲಿಗೆ ತಲುಪಿದೆ. ಮೂಲೆಯಲ್ಲಿ ತೆಂಗಿನ ಸಸಿ ತಬ್ಬಿಕೊಂಡು ಕೂತಿದ್ದ ಒಬ್ಬ ಹಿರಿಯರ ಕಿವಿಯಲ್ಲೂ ಕಪ್ಪು ದಾರ ಇತ್ತು. ಅವರಿಗೂ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು:

"ನಾನು ಹೊಸದುರ್ಗದ ಕಡೆ ಮತ್ತೋಡಿನೋನು ಕಣಮ್ಮ. ದಿನಾ ಬರೋನಲ್ಲ. ತಿಪ್ಪೇಸ್ವಾಮಿ ಯಾರು ಅಂತ ಗೊತ್ತಿಲ್ಲ, ನೀನ್ಯಾರು ಅಂತಾನೂ ಗೊತ್ತಿಲ್ಲ."

"ಇರಲಿ ಬಿಡ್ರಿ," ಎಂದೆ. "ಮತ್ತೋಡಿನಾಗೂ ಗೊತ್ತಾಗ್ಲಿ."